ದಿಬ್ಬದ ಮೇಲಿನ ಎಡಗೈ

ಎಡಗೈ ಚಾಚಿ ನಿಲ್ಲಿ. ಯಾರೋ ಒಂದು ಚೆಂಡನ್ನು ನಿಮ್ಮ ಅಂಗೈಗೆ ಹಾಕುತ್ತಾರೆ. ಬಿಳಿ ಚರ್ಮ, ಕೆಂಪು ದಾರ. ಕ್ರಿಕೆಟ್ ಚೆಂಡಿಗಿಂತ ಚೂರು ದಪ್ಪ, ಚೂರು ಹಗುರ. ತೂಗಿದರೆ 145 ಗ್ರಾಂ ಸುಮಾರು. ಹೊಲಿಗೆ ನಡುವಿನಲ್ಲಿ ನೆಟ್ಟಗೆ ಓಡುವುದಿಲ್ಲ, ಅಂಕುಡೊಂಕಾಗಿ ಇಡೀ ಚೆಂಡನ್ನು ಬಳಸಿಕೊಂಡು ಬರುತ್ತದೆ. ಬೆರಳು ಎಲ್ಲಿಟ್ಟರೂ ದಾರ ತಗಲುತ್ತದೆ. ಹೇಗೆ ಹಿಡಿಯಬೇಕೆಂದು ನಿಮಗೆ ಗೊತ್ತಿಲ್ಲ. ಹಿಂದೆ ಸಾಲಿನಲ್ಲಿ ನಿಂತ ಹುಡುಗರಿಗೂ ಗೊತ್ತಿಲ್ಲ.

ವರ್ಷ 2008. ನಿಮಗೀಗ ಹತ್ತೊಂಬತ್ತು. ಹೆಸರು ರಿಂಕು ಸಿಂಗ್. ಉತ್ತರ ಪ್ರದೇಶದ ಭದೋಹಿ ಕಡೆಯ ಹಳ್ಳಿ, ಟ್ರಕ್ ಓಡಿಸುವ ಅಪ್ಪ, ಒಂದೇ ಕೋಣೆಯ ಮನೆ, ಒಂಬತ್ತು ಮಕ್ಕಳು. ಅವನ ಎದೆಯೊಳಗೆ ಆಗ ಏನು ನಡೆದಿತ್ತೆಂದು ಅವನೊಬ್ಬನೇ ಬಲ್ಲ. ಅವನ ಕೈಕಾಲು ಹಾದು ಬಂದ ದಾರಿಯನ್ನು ಮಾತ್ರ ನಾವು ಹಾದು ನೋಡಬಹುದು. ಹಾಗಾಗಿ ಆ ಭುಜ ಸ್ವಲ್ಪ ಹೊತ್ತು ನಿಮ್ಮದಾಗಲಿ. ಲಖನೌದ ಗುರು ಗೋವಿಂದ ಸಿಂಗ್ ಸ್ಪೋರ್ಟ್ಸ್ ಕಾಲೇಜಿನಲ್ಲಿ ಜಾವೆಲಿನ್ ಎಸೆದೆಸೆದು ಹದಗೊಂಡ ಭುಜ ಅದು. 800 ಗ್ರಾಂ ತೂಕದ ಈಟಿಯನ್ನು ಆಕಾಶಕ್ಕೆ ಕಳಿಸಿ ಬಲ್ಲ ಕೈಗೆ ಈ ಚೆಂಡು ಇದ್ದೂ ಇಲ್ಲದ ಹಾಗೆ. ಆ ಹಗುರವೇ ಹೆದರಿಸುತ್ತದೆ. ಭಾರವಿದ್ದರೆ ಕೈಗೆ ತನ್ನ ದಾರಿ ಗೊತ್ತಾಗುತ್ತದೆ. ಹಗುರವಾದದ್ದು ಎತ್ತ ಹಾರುತ್ತದೋ ಯಾರು ಬಲ್ಲರು.

ಎದುರಿಗೆ ಬಲೆ. ಬಲೆಯ ಹಿಂದೆ ಒಬ್ಬ, ಕೈಯಲ್ಲಿ ವೇಗ ಅಳೆಯುವ ರಾಡಾರ್. ಬೇಸ್‌ಬಾಲ್ ಎಂಬ ಆಟವನ್ನು ನೀವು ನೋಡಿಲ್ಲ. ಇಲ್ಲಿ ಆಟವೂ ಇಲ್ಲ, ಎಸೆಯಬೇಕು, ಅಷ್ಟೇ. ಜೋರಾಗಿ, ನೆಟ್ಟಗೆ.

ಎಸೆಯುತ್ತೀರಿ. ಚೆಂಡು ಬಲೆಗೆ ಬಡಿದ ಸದ್ದು ಕಿವಿಗೆ ತಲುಪುವಷ್ಟರಲ್ಲಿ ರಾಡಾರ್ ಹಿಡಿದವನು ಕೈಯಲ್ಲಿದ್ದ ಯಂತ್ರವನ್ನೇ ಒಮ್ಮೆ ನೋಡಿ, ತಲೆ ಎತ್ತಿ ನಿಮ್ಮನ್ನು ನೋಡುತ್ತಾನೆ. ಇನ್ನೊಂದು ಎಸಿ ಅನ್ನುತ್ತಾನೆ.

ಈ ಬಲೆ ಇಲ್ಲಿಗೆ ಬಂದದ್ದು ಅಮೆರಿಕದ ಕ್ರೀಡಾ ಏಜೆಂಟ್ ಜೆ.ಬಿ. ಬರ್ನ್‌ಸ್ಟೀನ್‌ಗೆ ಹೊಳೆದ ಒಂದು ಯೋಚನೆಯಿಂದ. ನೂರು ಕೋಟಿಗೂ ಮೀರಿದ ಜನ, ಬೀದಿ ಬೀದಿಯಲ್ಲಿ ಕ್ರಿಕೆಟ್; ಇಷ್ಟು ಕೈಗಳಲ್ಲಿ ಬೇಸ್‌ಬಾಲ್ ಎಸೆಯಬಲ್ಲ ಒಂದು ಕೈ ಇರಲೇಬೇಕು ಎಂಬ ಲೆಕ್ಕ. ‘ಮಿಲಿಯನ್ ಡಾಲರ್ ಆರ್ಮ್’ ಎಂದು ಹೆಸರಿಟ್ಟ ಸ್ಪರ್ಧೆ ಊರೂರು ಸುತ್ತುತ್ತದೆ. 37,000ಕ್ಕೂ ಹೆಚ್ಚು ಮಂದಿ ಎಸೆದು ನೋಡುತ್ತಾರೆ. ಕೊನೆಯ ಸುತ್ತು ಮುಂಬೈಯಲ್ಲಿ. ಅಲ್ಲಿ ನಿಮ್ಮ ಎಡಗೈಯಿಂದ ಹೊರಟ ಚೆಂಡು ಗಂಟೆಗೆ 140 ಕಿಲೋಮೀಟರ್ ಮುಟ್ಟುತ್ತದೆ. ಬಹುಮಾನ ಒಂದು ಲಕ್ಷ ಡಾಲರ್. ಹೆಸರಿನಲ್ಲಿದ್ದ ಮಿಲಿಯನ್ ಯಾರ ಕೈಗೂ ಬರುವುದಿಲ್ಲ. ಎರಡನೆಯ ಸ್ಥಾನದಲ್ಲಿ ನಿಮ್ಮದೇ ಕಾಲೇಜಿನ, ನಿಮ್ಮಂತೆಯೇ ಜಾವೆಲಿನ್ ಎಸೆಯುವ, ವಾರಾಣಸಿ ಕಡೆಯ ಹುಡುಗ ದಿನೇಶ್ ಪಟೇಲ್. ಅವನದು ಬಲಗೈ.

ಈಗ ಒಂದು ನಿರ್ಧಾರ. ಜಾವೆಲಿನ್ ಎಸೆಯುವ ಹುಡುಗನ ಮುಂದೆ ನಮ್ಮ ದೇಶದಲ್ಲಿ ಒಂದು ಗುರುತಿನ ದಾರಿ ಇದೆ: ರಾಜ್ಯ ಮಟ್ಟ, ರಾಷ್ಟ್ರ ಮಟ್ಟ, ಒಂದೆರಡು ಪದಕ, ಆಮೇಲೆ ಕ್ರೀಡಾ ಕೋಟಾದಲ್ಲಿ ಸೇನೆಯದೋ ರೈಲ್ವೆಯದೋ ನೌಕರಿ. ತಿಂಗಳ ಸಂಬಳ, ಮನೆಗೆ ಒಂದು ಆಸರೆ. ಇನ್ನೊಂದು ದಾರಿಯಲ್ಲಿ ವಿಮಾನದ ಟಿಕೆಟ್ ಇದೆ. ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಊಟ, ಗೊತ್ತಿಲ್ಲದ ಆಟ ಇದೆ. ಆ ಆಟದಲ್ಲಿ ನಿಮ್ಮ ವಯಸ್ಸಿನವರಿಗೆ ಆಗಲೇ ಹತ್ತು ಹನ್ನೆರಡು ವರ್ಷದ ಅನುಭವವಾಗಿದೆ. ಗಂಟಲು ಒಣಗುತ್ತದೆ. ಹೂಂ ಅನ್ನುತ್ತೀರಿ.

ಲಾಸ್ ಏಂಜಲೀಸ್. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೇಸ್‌ಬಾಲ್ ಮೈದಾನ. ಮೂಗಿಗೆ ಮೊದಲು ಬರುವುದು ಕೊಯ್ದ ಹುಲ್ಲಿನ ವಾಸನೆ, ಆಮೇಲೆ ಎಣ್ಣೆ ಕುಡಿದ ಚರ್ಮದ ವಾಸನೆ. ಎಡಗೈಯವನಾದ್ದರಿಂದ ಗ್ಲವ್ ನಿಮ್ಮ ಬಲಗೈಗೆ ಬರುತ್ತದೆ. ಬರಿಗೈಯಲ್ಲಿ ಕ್ಯಾಚ್ ಹಿಡಿದು ಬೆಳೆದ ದೇಶದಿಂದ ಬಂದವರು ನೀವು. ಚೆಂಡು ಹತ್ತಿರ ಬಂದರೆ ಎರಡೂ ಅಂಗೈ ತಾವಾಗಿ ಕೂಡಲು ಹೋಗುತ್ತವೆ. ಗ್ಲವ್‌ನ ಅಂಚಿಗೆ ಬಡಿದ ಚೆಂಡು ಕೆಳಗೆ ಬೀಳುತ್ತದೆ. ಎತ್ತಿಕೊಳ್ಳುತ್ತೀರಿ. ಮತ್ತೆ ಬೀಳುತ್ತದೆ. ಪಕ್ಕದಲ್ಲಿ ಹತ್ತು ವರ್ಷದ ಮಗುವೊಂದು ಅಪ್ಪನ ಜೊತೆ ನಿಂತು ನೋಡುತ್ತಿದ್ದರೆ ಆ ಮಗುವಿಗೂ ಇದು ಬರುತ್ತದೆ. ಕಿವಿ ಬಿಸಿಯಾಗುತ್ತದೆ.

ಎದುರಿಗಿರುವ ಗುರು ಟಾಮ್ ಹೌಸ್. ಸ್ವತಃ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಪಂಕ್ತಿಯಾದ ಮೇಜರ್ ಲೀಗ್‌ನಲ್ಲಿ ಚೆಂಡು ಎಸೆಯುವ ಪಿಚರ್ ಆಗಿದ್ದವರು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ಬೇಬ್ ರೂತ್‌ನ ದಾಖಲೆ ಮುರಿದು 715ನೆಯ ಹೋಂ ರನ್ ಹೊಡೆದಾಗ, ಬೇಲಿಯಾಚೆ ನಿಂತು ಆ ಚೆಂಡನ್ನು ಹಿಡಿದವರು ಇವರೇ. ಆಮೇಲೆ ಎಸೆಯುವ ಕೈಯನ್ನು ಶಾಸ್ತ್ರದಂತೆ ಓದಿದವರು. ನೋಲನ್ ರಯಾನ್‌ನಂಥ ಮಹಾವೇಗಿಗೆ ಕೋಚ್ ಆಗಿದ್ದವರ ಮುಂದೆ ಚೆಂಡು ಹಿಡಿಯಲು ಬಾರದ ನೀವು ನಿಂತಿದ್ದೀರಿ.

ಅವರು ನಿಮ್ಮ ಕೈಯಿಂದ ಚೆಂಡು ತೆಗೆದು ಟವೆಲ್ ಕೊಡುತ್ತಾರೆ. ಇದು ಅವರ ಪ್ರಸಿದ್ಧ ಅಭ್ಯಾಸ: ಚೆಂಡಿಲ್ಲದೆ, ಟವೆಲ್ಲಿನ ತುದಿ ಹಿಡಿದು, ಎಸೆತದ ಪೂರ್ತಿ ಚಲನೆಯನ್ನು ಮಾಡಬೇಕು; ಮುಂದೆ ಚಾಚಿದ ಗುರಿಗೆ ಟವೆಲ್ ಛಟೀರೆಂದು ಬಡಿಯಬೇಕು. ಎಡಗಾಲು ನೆಲದಲ್ಲಿ ಹೂತ ರಬ್ಬರ್ ಪಟ್ಟಿಗೆ ಒತ್ತಿ, ಬಲಮೊಣಕಾಲು ಎತ್ತಿ, ಸೊಂಟ ಮೊದಲು ಮುಂದಕ್ಕೆ, ಎದೆ ತಿರುಗುವುದು ಆಮೇಲೆ, ಕೈ ಎಲ್ಲಕ್ಕಿಂತ ಕೊನೆಗೆ. ನಿಮ್ಮ ಮೈಗೆ ಇದು ತಿಳಿಯುವುದಿಲ್ಲ. ಜಾವೆಲಿನ್ ಕಲಿಸಿದ್ದೇ ಬೇರೆ: ದೂರದಿಂದ ಓಡಿ ಬಾ, ಕೈಯನ್ನು ಹಿಂದಕ್ಕೆ ಪೂರ್ತಿ ಚಾಚು, ಮೇಲಕ್ಕೆ ಎಸಿ. ಇಲ್ಲಿ ಓಟವೇ ಇಲ್ಲ. ನಮ್ಮ ಜಾವಗಲ್ ಶ್ರೀನಾಥ್ ಓಡಿ ಬಂದು ಗಳಿಸುತ್ತಿದ್ದ ವೇಗವನ್ನು ಪಿಚರ್ ನಿಂತಲ್ಲೇ, ಒಂದೇ ಹೆಜ್ಜೆಯಲ್ಲಿ ಹುಟ್ಟಿಸಬೇಕು. ಜೊತೆಗೆ ಮೇಲಕ್ಕಲ್ಲ, ಕೆಳಕ್ಕೆ. ಪಿಚರ್ ನಿಲ್ಲುವುದು ಸುತ್ತಲಿನ ನೆಲಕ್ಕಿಂತ 25 ಸೆಂಟಿಮೀಟರ್ ಎತ್ತರದ ಮಣ್ಣಿನ ದಿಬ್ಬದ ಮೇಲೆ. ಅಲ್ಲಿಂದ ಇಳಿಜಾರಿಗೆ ಬೀಳುತ್ತಾ, ಬೀಳುವುದನ್ನೇ ಬಲವಾಗಿ ತಿರುಗಿಸಿ, 18.44 ಮೀಟರ್ ದೂರದಲ್ಲಿ, ಬ್ಯಾಟರ್ ನಿಲ್ಲುವೆಡೆಯ ಹೋಂ ಪ್ಲೇಟಿನ ಮೇಲೆ ಚೆಂಡು ಹಾಯಿಸಬೇಕು. ಪ್ಲೇಟಿನ ಅಗಲ 43 ಸೆಂಟಿಮೀಟರ್.

ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕವಣೆ ಬೀಸುವ ಹುಡುಗನನ್ನು ನೋಡಿದ್ದೀರಾ? ಕಲ್ಲಿಗೆ ವೇಗ ಕೊಡುವುದು ಅವನ ಬೆರಳಲ್ಲ, ಅವನ ಪಾದದಿಂದ ಏರಿ ಬಂದು ದಾರದ ತುದಿಯಲ್ಲಿ ಸಿಡಿಯುವ ತಿರುವು. ಪಿಚರ್‌ನ ಕೈ ಆ ದಾರ. ಭುಜ ಹಿಂದಕ್ಕೆ ಎಷ್ಟು ಮಡಿಯುತ್ತದೆಂದರೆ ಮುಂಗೈ ನೆಲಕ್ಕೆ ಸಮನಾಗಿ ಮಲಗುತ್ತದೆ. ಅಲ್ಲಿಂದ ಅದು ಮುಂದಕ್ಕೆ ತಿರುಗುವ ವೇಗ ಸೆಕೆಂಡಿಗೆ 7,000 ಡಿಗ್ರಿಯ ಆಸುಪಾಸು. ಮನುಷ್ಯನ ದೇಹ ಮಾಡುವ ಅತಿ ವೇಗದ ಚಲನೆಗಳಲ್ಲಿ ಇದೊಂದು. ಅದನ್ನು ತಡೆದು ಹಿಡಿದಿರುವುದು ಮೊಣಕೈಯ ಒಳಬದಿಯ, ಬೆರಳುದ್ದವೂ ಇಲ್ಲದ ಒಂದು ಅಸ್ಥಿರಜ್ಜು. ಅದರ ವಿಷಯ ಮುಂದೆ ಬರುತ್ತದೆ.

ರಾತ್ರಿ ಹಾಸಿಗೆಯಲ್ಲಿ ಮಗ್ಗುಲಾದರೆ ಭುಜದ ಹಿಂಭಾಗ ಕಾಯುತ್ತದೆ. ಈಟಿ ಎಸೆದಾಗ ನೋಯದಿದ್ದ ಸ್ನಾಯುಗಳು ಒಂದೊಂದಾಗಿ ಎಚ್ಚರಗೊಂಡು ತಮ್ಮ ಇರವನ್ನು ತಿಳಿಸುತ್ತವೆ. ಮಧ್ಯದ ಬೆರಳಿನ ತುದಿಯಲ್ಲಿ ಗುಳ್ಳೆ. ಅದು ಒಡೆದು, ಹೊಸ ಚರ್ಮ ಬಂದು, ಮತ್ತೆ ಒಡೆದು, ಕೊನೆಗೆ ಗಟ್ಟಿಯಾಗುತ್ತದೆ. ಅಷ್ಟು ಹೊತ್ತಿಗೆ ಬೆರಳಿಗೂ ದಾರಕ್ಕೂ ಒಂದು ಪರಿಚಯವಾಗಿರುತ್ತದೆ. ತೋರುಬೆರಳು ಮತ್ತು ಮಧ್ಯದ ಬೆರಳನ್ನು ಹೊಲಿಗೆಗೆ ಅಡ್ಡವಾಗಿಟ್ಟರೆ ಚೆಂಡು ನೆಟ್ಟಗೆ ಹೋಗುತ್ತದೆ. ಹೊಲಿಗೆಯುದ್ದಕ್ಕೆ ಇಟ್ಟರೆ ಕೊನೆಯಲ್ಲಿ ಜಾರಿ ಬೀಳುತ್ತದೆ. ಬಿಡುವಾಗ ಬೆರಳು ಕೂದಲೆಳೆಯಷ್ಟು ಬೇಗ ತೆರೆದರೆ ಚೆಂಡು ಬ್ಯಾಟರ್‌ನ ತಲೆಯ ಮೇಲೆ. ಅಷ್ಟೇ ತಡವಾದರೆ ಪ್ಲೇಟಿನ ಮುಂದಿನ ಮಣ್ಣಿಗೆ.

ಇಲ್ಲಿ ಒಂದು ಮಾತು ಹೇಳಬೇಕು. ಆ ಇಬ್ಬರು ಹುಡುಗರ ಕಥೆ ಸಿನಿಮಾ ಆಯಿತು, ಸುದ್ದಿಯಾಯಿತು. ಎಲ್ಲರ ಕಣ್ಣು ಹೋದದ್ದು ಡಾಲರಿನ ಮೇಲೆ ಮತ್ತು ವೇಗದ ಮೇಲೆ. ನನ್ನನ್ನು ಹಿಡಿದು ನಿಲ್ಲಿಸುವುದು ಇವೆರಡೂ ಅಲ್ಲ, ಈ ತಿಂಗಳುಗಳು. ಹದಿಹರೆಯದ ಕೊನೆಯಲ್ಲಿ ಒಬ್ಬ ತಾನು ಗೆದ್ದ ಆಟವನ್ನು ಬದಿಗಿಟ್ಟು, ಏನೂ ಬಾರದವನಾಗಿ, ಎಲ್ಲರೆದುರು ಮೊದಲಿನಿಂದ ಕಲಿಯಲು ಒಪ್ಪುವುದಿದೆಯಲ್ಲ, ಅದು ಎಸೆತಕ್ಕಿಂತ ದೊಡ್ಡ ಕೆಲಸ.

ನವೆಂಬರ್ 2008. ಅರಿಜೋನಾದ ಟೆಂಪಿ. ಒಣ ಗಾಳಿ, ತುಟಿ ಬಿರಿಯುತ್ತದೆ. ದಿಬ್ಬದ ಹಿಂದೆ ರಾಸಿನ್ ಪುಡಿಯ ಪುಟ್ಟ ಚೀಲ ಬಿದ್ದಿದೆ; ಮುಟ್ಟಿದರೆ ಬೆರಳು ಅಂಟುತ್ತದೆ. ಪ್ಲೇಟಿನಾಚೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಹಿಂದೆ ಸುಮಾರು ಮೂವತ್ತು ಮಂದಿ, ಮೇಜರ್ ಲೀಗ್ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು. ಟೋಪಿ, ಕಪ್ಪು ಕನ್ನಡಕ, ತೊಡೆಯ ಮೇಲೆ ಟಿಪ್ಪಣಿ ಪುಸ್ತಕ, ಕೈಯಲ್ಲಿ ರಾಡಾರ್. ಯಾರೂ ನಗುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನೀವು ಮೊಣಕಾಲು ಎತ್ತಿದ ಕೂಡಲೇ ಅಷ್ಟೂ ರಾಡಾರ್‌ಗಳು ಒಟ್ಟಿಗೆ ಏಳುತ್ತವೆ.

ನಾಲಿಗೆ ಅಂಗುಳಿಗೆ ಅಂಟಿದೆ. ಎದೆ ಬಡಿಯುವುದು ಚೆಂಡು ಹಿಡಿದ ಬೆರಳ ತುದಿಯಲ್ಲೇ ಕೇಳಿಸುತ್ತಿದೆ. ಒತ್ತಿ ಎಸೆದರೆ ವೇಗ ಬರುತ್ತದೆ, ಗುರಿ ತಪ್ಪುತ್ತದೆ. ಹಿಡಿತದಲ್ಲಿ ಎಸೆದರೆ ಗುರಿ ಸಿಗುತ್ತದೆ, ರಾಡಾರ್ ಸಪ್ಪೆಯಾಗುತ್ತದೆ. ಯಾವುದನ್ನು ತೋರಿಸುವುದು? ಬಾಲ್ಯದಿಂದ ಆಡಿದವನಿಗೆ ಎರಡರ ನಡುವಿನ ಹದ ಗೊತ್ತು. ನಿಮಗೆ ಗೊತ್ತಿರುವುದು ಈ ಕೆಲವು ತಿಂಗಳು ಮಾತ್ರ. ಉಸಿರು ಬಿಡಿ. ಸೊಂಟ ಮೊದಲು. ಎದೆ ಆಮೇಲೆ. ಕೈ ಕೊನೆಗೆ. ಕ್ಯಾಚರ್‌ನ ಮಿಟ್‌ನೊಳಗೆ ಚೆಂಡು ಫಟ್ ಎನ್ನುತ್ತದೆ. ಆ ಸದ್ದು ಒಳ್ಳೆಯದು. ಮುಂದಿನದು ಅಷ್ಟು ಒಳ್ಳೆಯದಲ್ಲ. ಟಿಪ್ಪಣಿ ಪುಸ್ತಕಗಳ ಮೇಲೆ ಪೆನ್ನುಗಳು ಓಡುತ್ತವೆ.

ನವೆಂಬರ್ 24ರಂದು ಪಿಟ್ಸ್‌ಬರ್ಗ್ ಪೈರೇಟ್ಸ್ ನಿಮ್ಮಿಬ್ಬರನ್ನೂ ಒಪ್ಪಂದಕ್ಕೆ ತೆಗೆದುಕೊಳ್ಳುತ್ತದೆ. ಪೋರ್ಟೊ ರಿಕೊದ ರಾಬರ್ಟೊ ಕ್ಲೆಮೆಂಟೆ ಆಡಿ ಮೆರೆದ ತಂಡ ಅದು. ಭಾರತದ ಯಾರೂ ಅಲ್ಲಿಯವರೆಗೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಇಂಥ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಪೆನ್ನು ಹಿಡಿಯುವಾಗ ಗುಳ್ಳೆ ಗಟ್ಟಿಯಾದ ಬೆರಳು ಒತ್ತುತ್ತದೆ.

ಇನ್ನು ಬ್ರಾಡೆಂಟನ್. ಫ್ಲೋರಿಡಾದ ಜುಲೈ. ಬೆಂಗಳೂರಿನವರಿಗೆ ಈ ಸೆಕೆ ಗೊತ್ತಾಗದು, ಮಂಗಳೂರಿನ ಮೇ ತಿಂಗಳು ಕಂಡವರಿಗೆ ಗೊತ್ತಾದೀತು. ಜೆರ್ಸಿ ಬೆನ್ನಿಗೆ ಅಂಟಿ ಬಿಡದು. ಪೈರೇಟ್ಸ್ ತಂಡದ ತರಬೇತಿ ಕೇಂದ್ರದ ಮೈದಾನ ಇದು. ಆಗಿನ ಗಲ್ಫ್ ಕೋಸ್ಟ್ ಲೀಗ್, ವೃತ್ತಿಪರ ಬೇಸ್‌ಬಾಲ್‌ನ ಕೆಳಗಿನ ಮೆಟ್ಟಿಲು. ಮೇಲೆ ಇನ್ನೂ ಐದಾರು ಮೆಟ್ಟಿಲು, ಆಮೇಲೆ ಮೇಜರ್ ಲೀಗ್. ಇಲ್ಲಿ ಜನಜಂಗುಳಿ ಇಲ್ಲ. ಬೇಲಿಯ ಪಕ್ಕ ಒಂದಿಷ್ಟು ಮಂದಿ, ಮಿಕ್ಕಂತೆ ಮಿಡತೆಯ ಸದ್ದು. ಆಗ ಸಂಬಳ ಆಡುವ ತಿಂಗಳುಗಳಿಗೆ ಮಾತ್ರ, ಅದೂ ತಿಂಗಳಿಗೆ ಸಾವಿರ ಡಾಲರ್ ಆಸುಪಾಸು.

ಬೆಂಚಿನ ಮೇಲೆ ನಿಮ್ಮ ಪಕ್ಕ ಕೂತವರನ್ನು ನೋಡಿ. ಡೊಮಿನಿಕನ್ ಗಣರಾಜ್ಯದ ಹುಡುಗರು ಹದಿನಾರಕ್ಕೇ ಒಪ್ಪಂದಕ್ಕೆ ಸಹಿ ಹಾಕಿ ಬಂದವರು. ಅವರ ಬೀದಿಗಳಲ್ಲಿ ಚಿಕ್ಕ ಮಕ್ಕಳು ನೀರಿನ ಕ್ಯಾನಿನ ಮುಚ್ಚಳವನ್ನೇ ಚೆಂಡು ಮಾಡಿ, ಪೊರಕೆಯ ಕೋಲನ್ನೇ ಬ್ಯಾಟು ಮಾಡಿ ‘ವಿಟಿಯಾ’ ಆಡುತ್ತಾರೆ. ತಿರುಗುತ್ತಾ ಬಾಗುತ್ತಾ ಬರುವ ಆ ಮುಚ್ಚಳವನ್ನು ಹೊಡೆದು ಬೆಳೆದ ಕಣ್ಣಿಗೆ ಚೆಂಡು ದಪ್ಪಗೆ ಕಾಣುತ್ತದೆ. ಅಮೆರಿಕನ್ ಹುಡುಗರು ಐದಾರು ವರ್ಷಕ್ಕೇ ಟೀ ಎಂಬ ಪುಟ್ಟ ಕಂಬದ ಮೇಲಿಟ್ಟ ಚೆಂಡು ಹೊಡೆಯಲು ಕಲಿತವರು. ಇವರಿಗೆಲ್ಲ ಆಟ ಕೈಕಾಲಲ್ಲಿದೆ. ನಿಮಗೆ ಇನ್ನೂ ತಲೆಯಲ್ಲಿದೆ. ಅಲ್ಲಿಂದ ಕೈಕಾಲಿಗೆ ಇಳಿಯಲು ಅದಕ್ಕೆ ಸಮಯ ಬೇಕು. ಮೈದಾನದಲ್ಲಿ ಆ ಸಮಯವೇ ಇರುವುದಿಲ್ಲ.

2009ರ ಜುಲೈ 4. ನೀವೂ ದಿನೇಶನೂ ಇಬ್ಬರೂ ದಿಬ್ಬ ಹತ್ತುವ ದಿನ. ಅಮೆರಿಕದ ವೃತ್ತಿಪರ ಪಂದ್ಯವೊಂದರಲ್ಲಿ ಭಾರತದ ಪ್ರಜೆಗಳು ಆಡುವುದು ಇದೇ ಮೊದಲು. ಆ ದಿನದ ಪ್ರತಿ ಎಸೆತದ ಲೆಕ್ಕ ನಮಗೆ ಬೇಡ. ಇಂಥ ದಿಬ್ಬದ ಮೇಲೆ ಹೊಸಬನಿಗೆ ಆ ಋತುವಿನಲ್ಲಿ ಬಂದೇ ಬರುವ ಒಂದು ಗಳಿಗೆಯನ್ನು ತೆಗೆದುಕೊಳ್ಳಿ. ಅದರೊಳಗೆ ನಿಲ್ಲಿ.

ಒಬ್ಬ ಓಟಗಾರ ಮೊದಲ ಬೇಸ್‌ನಲ್ಲಿದ್ದಾನೆ. ನೀವೇ ನಾಲ್ಕು ಗುರಿತಪ್ಪಿದ ಎಸೆತ ಎಸೆದು ಅವನನ್ನು ಅಲ್ಲಿಗೆ ಕಳಿಸಿದ್ದೀರಿ. ಎಡಗೈ ಪಿಚರ್ ಆದ್ದರಿಂದ ನಿಮ್ಮ ಎದೆ ನೇರ ಅವನ ಕಡೆಗೇ ಇದೆ. ಅವನು ಒಂದು ಹೆಜ್ಜೆ ಆಚೆ ಇಡುತ್ತಾನೆ. ಇನ್ನೊಂದು. ಕಣ್ಣಲ್ಲೇ ನಿಮ್ಮನ್ನು ಕೆಣಕುತ್ತಾನೆ. ಕ್ಯಾಚರ್ ತೊಡೆಯ ನಡುವೆ ಒಂದು ಬೆರಳು ತೋರಿಸುತ್ತಾನೆ: ವೇಗದ ಎಸೆತ. ಎರಡೂ ಕೈ ಎದೆಯ ಬಳಿ ಕೂಡಿಸಿ ನಿಲ್ಲಬೇಕು, ಪೂರ್ತಿ ನಿಶ್ಚಲ. ಎಸೆಯಲು ಹೊರಟಂತೆ ಮಾಡಿ ತಡೆದರೆ ಅಂಪೈರ್ ಬಾಕ್ ಎಂದು ಕೂಗುತ್ತಾನೆ, ಓಟಗಾರನಿಗೆ ಒಂದು ಬೇಸ್ ಪುಕ್ಕಟೆ. ಮೊಣಕಾಲು ಎತ್ತಿ ಮೊದಲ ಬೇಸ್‌ಗೆ ಎಸೆಯಬಹುದು, ಬ್ಯಾಟರ್‌ಗೂ ಎಸೆಯಬಹುದು. ಆದರೆ ಎತ್ತಿದ ಕಾಲು ರಬ್ಬರ್ ಪಟ್ಟಿಯ ಹಿಂದಂಚನ್ನು ದಾಟಿತೋ, ಮೊದಲ ಬೇಸ್‌ಗೆ ಎಸೆಯುವ ಹಕ್ಕು ಹೋಯಿತು. ಕಾಲು ಗಾಳಿಯಲ್ಲಿರುವಾಗಲೇ ತೀರ್ಮಾನವಾಗಬೇಕು. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತದೆ. ಒರೆಸಿಕೊಳ್ಳುವಂತಿಲ್ಲ.

ಬ್ಯಾಟರ್‌ಗೇ ಎಸೆಯುತ್ತೀರಿ.

ಟಣ್! ಮರದ ಬ್ಯಾಟಿನ ಆ ಸದ್ದು ಕಿವಿಗೆ ಬೀಳುವ ಮೊದಲೇ ಚೆಂಡು ಮುಖದತ್ತ. ಎಸೆದು ಮುಗಿಸಿದ ನಿಮ್ಮ ತಲೆ ಇನ್ನೂ ಬಾಗಿದೆ. ಹೆಲ್ಮೆಟ್ ಇಲ್ಲ, ಪ್ಯಾಡಿಲ್ಲ, ಬ್ಯಾಟರ್‌ಗೂ ನಿಮಗೂ ನಡುವೆ ಹದಿನೇಳು ಮೀಟರೂ ಇಲ್ಲ. ಬಲಗೈ ತಾನಾಗಿ ಏಳುತ್ತದೆ. ಗಾಳಿ ಕಿವಿಯನ್ನು ಸವರುತ್ತದೆ. ಚೆಂಡು ಹಿಂದಕ್ಕೆ ಹೋಯಿತು. ಓಟಗಾರ ಎರಡನೆಯದನ್ನು ದಾಟಿ ಮೂರಕ್ಕೆ. ಯಾರೋ ಸ್ಪ್ಯಾನಿಷ್‌ನಲ್ಲಿ ಕಿರುಚುತ್ತಾರೆ. ಮೂರನೆಯ ಬೇಸ್‌ನ ಹಿಂದೆ ಓಡಿ ನಿಲ್ಲಬೇಕಾದವರು ನೀವು. ನಿಂತಲ್ಲೇ ನಿಂತಿದ್ದೀರಿ. ಓಡಿ! ಓಡುತ್ತೀರಿ. ತಡವಾಯಿತು.

ಈಗ ಮೊದಲ ಬೇಸ್‌ನಲ್ಲೊಬ್ಬ, ಮೂರನೆಯದರಲ್ಲೊಬ್ಬ ಓಟಗಾರ. ಎರಡು ಔಟ್ ಆಗಿವೆ, ಇನ್ನೊಂದು ಬೇಕು. ಕಿವಿಯ ಬಳಿ ಹಾದುಹೋದ ಆ ಗಾಳಿ ಇನ್ನೂ ಚರ್ಮದ ಮೇಲೆ ಇದೆ. ಮತ್ತೆ ಅದೇ ಜಾಗಕ್ಕೆ, ಅದೇ ಬಾಗಿದ ತಲೆಗೆ ಮರಳಬೇಕು. ಹೆದರಿದ ಮೈ ಹೆಜ್ಜೆಯನ್ನು ಮೊಟಕು ಮಾಡುತ್ತದೆ. ಹೆಜ್ಜೆ ಮೊಟಕಾದರೆ ಚೆಂಡು ಮೇಲೇಳುತ್ತದೆ. ಮೇಲೆದ್ದ ಚೆಂಡನ್ನು ಈ ಹುಡುಗರು ಬೇಲಿಯಾಚೆ ಕಳಿಸುತ್ತಾರೆ. ರಾಸಿನ್ ಚೀಲ ಎತ್ತಿ ಕೆಳಗೆ ಹಾಕುತ್ತೀರಿ. ಉಸಿರು. ಮೊಣಕಾಲು. ಸೊಂಟ. ಪೂರ್ತಿ ಹೆಜ್ಜೆ.

ಬ್ಯಾಟು ಚೆಂಡಿನ ತಲೆಯನ್ನು ಮಾತ್ರ ಸವರುತ್ತದೆ. ಚೆಂಡು ನೆಲ ಹಿಡಿದು ಮೊದಲ ಬೇಸ್ ಮತ್ತು ಎರಡನೆಯದರ ನಡುವೆ. ಮೊದಲ ಬೇಸ್ ಕಾಯುವವನು ಅದನ್ನು ಹಿಡಿಯಲು ತನ್ನ ಜಾಗ ಬಿಟ್ಟು ಹೋಗಿದ್ದಾನೆ. ಬೇಸ್ ಖಾಲಿ. ಬ್ಯಾಟರ್ ಅತ್ತಲೇ ಓಡುತ್ತಿದ್ದಾನೆ. ಈ ಸಲ ಯಾರೂ ಕಿರುಚಬೇಕಿಲ್ಲ. ನಿಮ್ಮ ಕಾಲು ಆಗಲೇ ಹೊರಟಿದೆ. ತರಬೇತಿಯ ಪ್ರತಿ ಮುಂಜಾನೆ, ಪಿಚರ್‌ಗಳೆಲ್ಲ ಸಾಲಾಗಿ ನಿಂತು, ಬೇಸರವಾಗುವಷ್ಟು ಓಡಿದ ಓಟ ಇದು. ದಿಬ್ಬ ಇಳಿದು, ಗೆರೆಯತ್ತ, ಗೆರೆಯ ಪಕ್ಕ ತಿರುಗಿ ನೇರ. ಚೆಂಡು ಬರುತ್ತದೆ, ಎದೆಯ ಎತ್ತರಕ್ಕೆ. ಗ್ಲವ್ ಒಂದೇ ಕೈಯಲ್ಲಿ ತೆರೆಯುತ್ತದೆ; ಇನ್ನೊಂದು ಕೈ ಕೂಡಲು ಬರುವುದಿಲ್ಲ. ಚೆಂಡು ಸಿಕ್ಕಿತು. ಪಾದ ಬೇಸನ್ನು ಹುಡುಕುತ್ತದೆ, ಅದರ ಅಂಚು ಹಿಮ್ಮಡಿಗೆ ತಗಲುತ್ತದೆ, ಪಕ್ಕದಲ್ಲಿ ಇನ್ನೊಬ್ಬನ ಉಸಿರು, ಇನ್ನೊಬ್ಬನ ಕಾಲಿನ ಧೂಳು.

ಅಂಪೈರ್ ಮುಷ್ಟಿ ಎತ್ತುತ್ತಾನೆ. ಔಟ್.

ಯಾವ ರಾಡಾರೂ ಇದನ್ನು ಅಳೆಯಲಿಲ್ಲ. ಲಖನೌದಲ್ಲೂ ಮುಂಬೈಯಲ್ಲೂ ಯಾರೂ ಇದನ್ನು ಕೇಳಿರಲಿಲ್ಲ. ನನ್ನ ಪಾಲಿಗೆ ಆ ಹುಡುಗ ಬೇಸ್‌ಬಾಲ್ ಆಟಗಾರನಾದದ್ದು 140 ಕಿಲೋಮೀಟರ್ ಎಸೆದ ದಿನ ಅಲ್ಲ, ಇಂಥ ಓಟಕ್ಕೆ ಅವನ ಕಾಲು ಯಾರ ಅಪ್ಪಣೆಗೂ ಕಾಯದೆ ಹೊರಟ ದಿನ. ಅದೇ ಜುಲೈ 13ರಂದು ಒಂದು ಪಂದ್ಯದ ಗೆಲುವು ಪಿಚರ್ ರಿಂಕು ಸಿಂಗ್ ಹೆಸರಿಗೆ ದಾಖಲಾಗುತ್ತದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಭಾರತೀಯ ಪ್ರಜೆಯೊಬ್ಬನ ಮೊದಲ ಗೆಲುವು.

ಮುಂದಿನ ವರ್ಷಗಳು ಬೇಗ ಬೇಗ ಸರಿಯುತ್ತವೆ. 2010ರ ಕೊನೆಗೆ ದಿನೇಶನನ್ನು ತಂಡ ಬಿಟ್ಟುಕೊಡುತ್ತದೆ. ಅವನು ಊರಿಗೆ ಮರಳುತ್ತಾನೆ. ನೀವು ಒಬ್ಬರೇ. ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ, ಅಗ್ಗದ ಹೋಟೆಲ್ಲು, ಹಿಮಗಡ್ಡೆ ಕಟ್ಟಿದ ಭುಜ. ಅಮೆರಿಕದಲ್ಲಿ ಚಳಿಗಾಲವಾದರೆ ಆಸ್ಟ್ರೇಲಿಯಾಕ್ಕೆ ಹೋಗಿ ಕ್ಯಾನ್‌ಬೆರಾ ಕ್ಯಾವಲ್ರಿ ತಂಡದಲ್ಲಿ ಆಟ. 2012ರಲ್ಲಿ ವೆಸ್ಟ್ ವರ್ಜೀನಿಯಾ ಪವರ್. ಮೇಜರ್ ಲೀಗ್‌ಗಿಂತ ಕೆಳಗಿನ ‘ಎ’ ದರ್ಜೆಯ ತಂಡ, ರಾತ್ರಿಯ ದೀಪ, ಟಿಕೆಟ್ ಕೊಂಡು ಬಂದ ಪ್ರೇಕ್ಷಕರು. ಅಲ್ಲಿ ಒಂದಿಡೀ ಋತು ಆಡುತ್ತೀರಿ. ಈಗ ನೀವು ಗೆದ್ದು ಬಂದ ಸ್ಪರ್ಧಿಯಲ್ಲ, ವಿಚಿತ್ರ ಸುದ್ದಿಯಲ್ಲ. ಮೇಲಿನ ಮೆಟ್ಟಿಲಿಗೆ ಕಣ್ಣಿಟ್ಟ ಎಡಗೈ ಪಿಚರ್‌ಗಳಲ್ಲಿ ಒಬ್ಬರು.

ಆಮೇಲೆ ಮೊಣಕೈ.

ಮುಂಗೈಯ ಒಳಬದಿಯಲ್ಲಿ ಮೊದಲು ಒಂದು ಬಿಗಿತ. ಬಾಗಿಲ ಹಿಡಿಕೆ ತಿರುಗಿಸುವಾಗ ತಿಳಿಯುತ್ತದೆ, ಎಸೆಯಲು ಕಾವು ಏರಿದ ಮೇಲೆ ಮಾಯವಾಗುತ್ತದೆ. ಹೇಳುವುದೋ ಬೇಡವೋ? ಹೇಳಿದರೆ ಕೂರಿಸುತ್ತಾರೆ, ಕೂತವನ ಜಾಗಕ್ಕೆ ಇನ್ನೊಬ್ಬ ಎಡಗೈ ಕಾದಿದ್ದಾನೆ. ಇದು ರಿಂಕು ಒಬ್ಬನ ಪ್ರಶ್ನೆಯಲ್ಲ, ಪ್ರತಿ ಪಿಚರ್ ಒಂದಲ್ಲ ಒಂದು ರಾತ್ರಿ ಎದುರಿಸುವ ಪ್ರಶ್ನೆ. ಮೊಣಕೈಯ ಆ ಅಸ್ಥಿರಜ್ಜು ಪ್ರತಿ ಎಸೆತದಲ್ಲೂ ತನ್ನ ತಾಳಿಕೆಯ ಅಂಚಿನವರೆಗೆ ಎಳೆಯಲ್ಪಡುತ್ತದೆ. ಹರಿದರೆ ತಾನಾಗಿ ಕೂಡುವುದು ಕಷ್ಟ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್, ಪಿಚರ್ ಟಾಮಿ ಜಾನ್‌ನ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಮೂಳೆಗೆ ತೂತು ಕೊರೆದು, ಅದನ್ನು ಎಂಟಿನಾಕಾರದಲ್ಲಿ ಹೆಣೆದು ಹೊಸ ಆಸರೆ ಕಟ್ಟಿದರು. ಟಾಮಿ ಜಾನ್ 1976ರಲ್ಲಿ ಮರಳಿ 1989ರವರೆಗೆ ಆಡಿದ. ಶಸ್ತ್ರಚಿಕಿತ್ಸೆಗೆ ಅವನದೇ ಹೆಸರು ಉಳಿಯಿತು. ಆದರೆ ಅವನಿಗೆ ಕಾಯಲು ಬೇಕಾದ ಹೆಸರೂ ಅನುಭವವೂ ಮೊದಲೇ ಇದ್ದವು. ತಡವಾಗಿ ಶುರುಮಾಡಿದ ಹುಡುಗನಿಗೆ ಒಂದೊಂದು ವರ್ಷವೂ ದುಬಾರಿ. ರಿಂಕು ಅದೇ ಶಸ್ತ್ರಚಿಕಿತ್ಸೆಗೆ ಒಳಗಾದ. ಒಂದು ಗಾಯದ ಮೇಲೆ ಇನ್ನೊಂದು, ಋತುಗಳೇ ಕೈತಪ್ಪಿದವು. ಕೈ ಮಡಿಸಿ ಕೂತು ಕಿಟಕಿಯಾಚೆ ಬೇರೆಯವರ ಎಸೆತದ ಸದ್ದು ಕೇಳುವ ಆ ತಿಂಗಳುಗಳಲ್ಲಿ ಮೈ ಏನನ್ನು ಅನುಭವಿಸುತ್ತದೆಂದು ಬರೆಯಲು ನನ್ನಲ್ಲಿ ಮಾತಿಲ್ಲ. ಎ ದರ್ಜೆಯ ಮೇಲಿನ ಮೆಟ್ಟಿಲುಗಳು ಅವನಿಗೆ ಸಿಗಲಿಲ್ಲ. 2018ರಲ್ಲಿ ಅವನು ಡಬ್ಲ್ಯುಡಬ್ಲ್ಯುಇ ಕುಸ್ತಿಯ ಕಡೆ ಹೊರಟ. ಮತ್ತೊಮ್ಮೆ ಮೊದಲಿನಿಂದ.

ಭುಜ ಅವನಿಗೆ ಹಿಂದಿರುಗಿಸಿ, ನಿಮ್ಮ ಮನೆಗೆ ಬನ್ನಿ. ಭಾರತದಲ್ಲಿ ಬೆಳೆದ ಆಟಗಾರರಲ್ಲಿ ಯಾರೂ ಇನ್ನೂ ಮೇಜರ್ ಲೀಗ್‌ನ ದಿಬ್ಬ ಹತ್ತಿಲ್ಲ. ಹತ್ತುವ ಆಸೆಯ ಹುಡುಗನೋ ಹುಡುಗಿಯೋ ನಿಮ್ಮ ಮನೆಯಲ್ಲೇ ಇರಬಹುದು. ಕ್ರಿಕೆಟ್ ಚೆಂಡನ್ನು ಬೌಂಡರಿಯಿಂದ ನೇರ ಕೀಪರ್ ಕೈಗೆ ಎಸೆಯುವ ಹದಿನೈದರ ಭುಜವೊಂದು. ಆ ಆಸೆಯನ್ನು ತಡೆಯಬೇಡಿ. ಆದರೆ ರಾಡಾರ್ ತರುವ ಮೊದಲು ಒಂದು ನೋಟ್‌ಬುಕ್ ತನ್ನಿ, ಎಸೆತಗಳನ್ನು ಎಣಿಸಿ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮಕ್ಕಳಿಗಾಗಿ ಹಾಕಿಕೊಟ್ಟ ಮಿತಿಯ ಪ್ರಕಾರ 15–16ರ ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 95 ಎಸೆತ, 76 ಮುಟ್ಟಿದರೆ ನಾಲ್ಕು ದಿನ ಪೂರ್ತಿ ವಿಶ್ರಾಂತಿ. ವರ್ಷದಲ್ಲಿ ನಾಲ್ಕು ತಿಂಗಳಾದರೂ ಆ ಕೈ ಎಸೆಯದೆ ಇರಲಿ. ಮೊಣಕೈಯ ಒಳಬದಿ ನೋಯುತ್ತದೆ ಎಂದು ಮಗು ಒಂದೇ ಒಂದು ಸಲ ಹೇಳಿದರೂ ಅಂದಿನ ಆಟ ಅಲ್ಲಿಗೇ ನಿಲ್ಲಿಸಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.